ಹಸುಗೂಸಿಗೆ ಹೆಣೆದು ಕೊಡುವ ಮುನ್ನ

ನಮ್ಮ ಸೀಮೆಯಲ್ಲಿ ಕುಬಸದ ಕಾರ್ಯ ಮುಗಿಯಿತೆಂದರೆ ಮನೆಯ ಹಿರಿಯ ಹೆಣ್ಣುಮಕ್ಕಳ ಕೈಗೆ ಬಿಡುವಿರುವುದಿಲ್ಲ. ಒಬ್ಬರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ; ಇನ್ನೊಬ್ಬರು ಕುಂಚಿಗೆಗೆ ಬಣ್ಣದ ಅಂಚು ಹಚ್ಚುತ್ತಾರೆ; ಹೆಣಿಗೆ ಬಲ್ಲವರು ಉಲನ್ ತಂದು ಟೊಪ್ಪಿಗೆ, ಸ್ವೆಟರ್, ಕಾಲುಚೀಲಗಳಿಗೆ ತೊಡಗುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಚಿಕಿತ್ಸೆಗೆ ಬರುವ ತಾಯಂದಿರು ತಮ್ಮ ಮೊಣಕಾಲು ನೋವಿನ ಮಾತು ಮುಗಿಸಿ ಏಳುವಾಗ, "ಮೊಮ್ಮಗಗ ಏನು ಹೆಣೀಬೇಕ್ರೀ ಅಕ್ಕಾರ?" ಎಂದು ಕೇಳುವುದುಂಟು. ಇದು ವೈದ್ಯರನ್ನು ಕೇಳಬೇಕಾದ ಪ್ರಶ್ನೆಯಲ್ಲವೆಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ನನ್ನ ಮೊಮ್ಮಗಳು ಆ ತಿಳಿವಳಿಕೆಯನ್ನು ತಿದ್ದಿದಳು.

ಆಗ ಅವಳಿಗೆ ಎರಡು ತಿಂಗಳು. ಒಂದು ಸಂಜೆ ಅಳಲಾರಂಭಿಸಿದ ಕೂಸು ಏನು ಮಾಡಿದರೂ ಸುಮ್ಮನಾಗಲಿಲ್ಲ. ಹೊಟ್ಟೆನುಲಿತವೆಂದು ಎಣಿಸಿ ಹೊಕ್ಕುಳ ಸುತ್ತ ಇಂಗಿನ ಲೇಪ ಹಚ್ಚಿದೆ. ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿದೆ. ರಾತ್ರಿ ನನ್ನ ಮಗಳು ಕೂಸಿನ ಕಾಲುಚೀಲ ತೆಗೆದಾಗ ಎಡಗಾಲಿನ ಒಂದು ಬೆರಳು ಊದಿ ನೀಲಿಗಟ್ಟಿತ್ತು. ಚೀಲದ ಒಳಮೈಯಿಂದ ಬಿಚ್ಚಿಕೊಂಡ ನವಿರಾದ ಎಳೆಯೊಂದು ಬೆರಳಿಗೆ ಸುತ್ತಿ ಬಿಗಿದಿತ್ತು. ದೀಪದ ಬೆಳಕಿನಲ್ಲಿ ಎಳೆಯನ್ನು ಕತ್ತರಿಸಿ, ಒಳಗೆ ಇನ್ನೊಂದು ಸುತ್ತು ಉಳಿದಿರಬಾರದೆಂದು ಆ ಹೊತ್ತಿನಲ್ಲೇ ಆಸ್ಪತ್ರೆಗೆ ಒಯ್ದೆವು. ಬೆರಳು ಉಳಿಯಿತು. ಆ ಕಾಲುಚೀಲವನ್ನು ಹೆಣೆದವಳು ನಾನೇ. ಹೊರಗಿನ ಹೂವಿನ ವಿನ್ಯಾಸಕ್ಕಾಗಿ ಮೂರು ಬಣ್ಣದ ಎಳೆಗಳನ್ನು ಒಳಗೆ ಸಡಿಲವಾಗಿ ಬಿಟ್ಟಿದ್ದೆ. ನೋಡುವವರ ಕಣ್ಣಿಗಾಗಿ ಹೆಣೆದಿದ್ದೆನೇ ಹೊರತು ತೊಡುವ ಕೂಸಿಗಾಗಿ ಅಲ್ಲ. ಅಂದಿನಿಂದ ಈ ವಿಷಯವನ್ನು ನಾನು ಸಣ್ಣದೆಂದು ಭಾವಿಸಿಲ್ಲ.

ಶಾಸ್ತ್ರದ ಮಾತು

ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ನವಜಾತ ಶಿಶುವಿನ ಆರೈಕೆಯ ವಿವರಗಳಿವೆ. ಕೂಸಿನ ಹಾಸಿಗೆ ಹೊದಿಕೆಗಳು ಮೃದುವಾಗಿಯೂ ಹಗುರವಾಗಿಯೂ ಶುಚಿಯಾಗಿಯೂ ಇರಬೇಕೆಂದು ಆಚಾರ್ಯರು ವಿಧಿಸುತ್ತಾರೆ. ಬೆವರು, ಕೊಳೆ, ಮಲಮೂತ್ರ ಸೋಂಕಿದವು ತ್ಯಾಜ್ಯ. ಬೇರೆ ಸಿಗದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬಹುದು. ಅದೇ ಅಧ್ಯಾಯ ಆಟಿಕೆಗಳ ಕುರಿತು ಹೇಳುವಾಗ ಅವು ಭಾರವಾಗಿರಬಾರದು, ಮೊನೆಯುಳ್ಳವಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಎರವಾಗಬಾರದು ಎಂದು ಎಚ್ಚರಿಸುತ್ತದೆ. ಹೆಣೆದ ಉಡುಗೆಗೂ ಈ ಅಳತೆಗೋಲು ಸಾಕು. ಟೊಪ್ಪಿಗೆಯ ತುದಿಯ ಗೊಂಡೆ, ಸಡಿಲವಾದ ಗುಂಡಿ, ಹೊಲಿದ ಮಣಿ ಇವೆಲ್ಲ ಕೂಸಿನ ಬಾಯಿಗೆ ಹೋಗುವ ವಸ್ತುಗಳು. ಗದ್ದದ ಕೆಳಗೆ ಕಟ್ಟುವ ಲಾಡಿ ಕುತ್ತಿಗೆಗೆ ಬಿಗಿಯಬಹುದು. ಆದ್ದರಿಂದ ಅಂಗಿಯನ್ನು ಮುಂದೆ ತೆರೆಯುವಂತೆ ಹೆಣೆದು, ಪಕ್ಕದಲ್ಲಿ ಗಿಡ್ಡ ಕಸೆ ಇಡುವುದು ಲೇಸು. ಎಳೆಯ ಕುತ್ತಿಗೆಯನ್ನು ಎತ್ತಿ ತಲೆಯ ಮೇಲಿಂದ ತೊಡಿಸುವ ಕಷ್ಟವೂ ತಪ್ಪುತ್ತದೆ.

ಶಾಖ ಎಷ್ಟು ಬೇಕು?

ಕೂಸಿನ ಮೈಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬೇಕು. ದೇಹಕ್ಕೆ ಹೋಲಿಸಿದರೆ ನವಜಾತ ಶಿಶುವಿನ ತಲೆ ದೊಡ್ಡದು. ಒದ್ದೆ ತಲೆಯಿಂದ ಶಾಖ ಬೇಗ ಹೋಗುತ್ತದೆ. ಹಾಗೆಂದು ವರ್ಷವಿಡೀ ಉಲನ್ ಟೊಪ್ಪಿಗೆ ಹಾಕುವುದು ಸರಿಯಲ್ಲ. ಒಂದು ವೈಶಾಖದ ಮಧ್ಯಾಹ್ನ ಅಜ್ಜಿಯೊಬ್ಬರು, "ಕೂಸಿಗೆ ಜ್ವರ ಬಂದಾವ್ರೀ" ಎಂದು ಗಾಬರಿಯಿಂದ ಬಂದರು. ಕೂಸಿನ ಮೈಮೇಲೆ ಟೊಪ್ಪಿಗೆ, ಸ್ವೆಟರ್, ಕಾಲುಚೀಲ, ಅದರ ಮೇಲೆ ದುಪ್ಪಟಿ! ಕುತ್ತಿಗೆಯ ಮಡಿಕೆಯಲ್ಲಿ ಬೆವರುಗುಳ್ಳೆ ಕೆಂಪಗೆ ಎದ್ದಿದ್ದವು. ಒಂದೊಂದಾಗಿ ತೆಗೆದು, ತೆಳುವಾದ ಹತ್ತಿಯ ಅಂಗಿಯಲ್ಲಿ ಮಲಗಿಸಿ, ತಾಯಿಯ ಹಾಲು ಕುಡಿಸಿದ ಮೇಲೆ ಮೈ ತಣ್ಣಗಾಯಿತು. ಆದರೆ ಎಲ್ಲ ಕಾವೂ ಬಟ್ಟೆಯದಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಇಲ್ಲವೆ ಅದಕ್ಕೂ ಮಿಕ್ಕಿ ಜ್ವರ ಕಂಡರೆ, ಹಾಲು ಕುಡಿಯದೆ ಮಂಕಾದರೆ, ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕೂಸಿಗೆ ಚಳಿಯೋ ಸೆಕೆಯೋ ಎಂಬುದನ್ನು ಅಂಗೈ ಅಂಗಾಲು ಮುಟ್ಟಿ ತಿಳಿಯಲಾಗದು. ಅವು ಸಹಜವಾಗಿಯೇ ತುಸು ತಣ್ಣಗಿರುತ್ತವೆ. ಕುತ್ತಿಗೆಯ ಹಿಂಭಾಗ ಅಥವಾ ಎದೆಯನ್ನು ಮುಟ್ಟಿ ನೋಡಿರಿ. ನಾವು ಹಿತವಾಗಿರುವಷ್ಟು ಬಟ್ಟೆಗೆ ಇನ್ನೊಂದು ಪದರ ಹೆಚ್ಚು ಹಾಕಿದರೆ ಕೂಸಿಗೆ ಸಾಕು. ಮನೆಯೊಳಗೆ ಮಲಗಿಸುವಾಗ ಆರೋಗ್ಯವಂತ ಕೂಸಿನ ಟೊಪ್ಪಿಗೆ ತೆಗೆಯಿರಿ. ಅದು ಮುಖದ ಮೇಲೆ ಜಾರಿ ಉಸಿರಿಗೆ ಅಡ್ಡವಾಗಬಹುದು.

ಇದಕ್ಕೆ ಹೊರತಾದುದು 2.5 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ ಇಂಥ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇರಿಸಿ, ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ ತೊಡಿಸುತ್ತಾರೆ. ಇಂದು ನಮ್ಮ ಆಸ್ಪತ್ರೆಗಳಲ್ಲೂ ಅದು ರೂಢಿಯಲ್ಲಿದೆ. ಅಲ್ಲಿ ಪುಟ್ಟದೊಂದು ಟೊಪ್ಪಿಗೆ ಕಾಣಿಕೆಯಷ್ಟೇ ಅಲ್ಲ, ಔಷಧವೂ ಹೌದು.

ನೂಲಿನ ಆಯ್ಕೆ

ಎರೆ ಭೂಮಿಯ ಹತ್ತಿಯೂ ಬೆಟಗೇರಿಯ ಮಗ್ಗವೂ ನಮ್ಮ ಸೀಮೆಯ ಹೆಮ್ಮೆ. ಹಸುಗೂಸಿನ ಮೈಗೆ ನೇರವಾಗಿ ತಾಗುವ ಬಟ್ಟೆಗೆ ಹತ್ತಿಗೆ ಸಾಟಿಯಿಲ್ಲ. ಅದು ಬೆವರು ಹೀರುತ್ತದೆ, ಬಿಸಿನೀರಿನ ಒಗೆತ ತಾಳುತ್ತದೆ. ಕಂಬಳಿಗೆ ಬಳಸುವ ದಖನಿ ಕುರಿಯ ಉಣ್ಣೆ ಗಟ್ಟಿಯಾದುದು, ಎಳೆಯ ಚರ್ಮವನ್ನು ಗೀರುತ್ತದೆ. ಮೃದುವಾದ ಉಣ್ಣೆಯನ್ನು ಹತ್ತಿಯ ಅಂಗಿಯ ಮೇಲೆ ತೊಡಿಸಬಹುದು. ಅಂಗಡಿಯಲ್ಲಿ ಉಲನ್ ಎಂದು ಮಾರುವುದರಲ್ಲಿ ಬಹಳಷ್ಟು ಅಕ್ರಿಲಿಕ್; ಅದು ಬೆವರು ಹೀರದು, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಎರೆದ ಮೇಲೆ ಕೂಸನ್ನು ಅಗ್ಗಿಷ್ಟಿಗೆಯ ಬಳಿ ಹಿಡಿಯುವ ರೂಢಿ ಇರುವ ಮನೆಗೆ ಇಂಥ ಉಡುಗೆ ಅಪಾಯಕಾರಿ. ಲೋಬಾನದ ಹೊಗೆಯ ಬಗೆಗೂ ಒಂದು ಮಾತು: ಚರಕಾಚಾರ್ಯರು ಇಲ್ಲಿ ಧೂಪ ಹೇಳಿರುವುದು ಬಟ್ಟೆ ಹಾಸಿಗೆಗಳಿಗೆ. ಕೂಸಿನ ಮೂಗಿಗೆ ಹೊಗೆ ಹಿಡಿಯುವುದು ಬೇಡ; ಬಟ್ಟೆಗೆ ಹಾಕಿ, ಗಾಳಿಗೆ ಆರಿಸಿ, ಅನಂತರ ತೊಡಿಸಿರಿ.

ಮತ್ತೊಂದು ಎಚ್ಚರ ಮುಖ್ಯವಾದುದು. ಹೆಣೆದುದನ್ನಾಗಲಿ ಹಿರಿಯ ಮಕ್ಕಳ ಹಳೆಯ ಸ್ವೆಟರನ್ನಾಗಲಿ ಡಾಂಬರ ಗುಳಿಗೆ ಹಾಕಿದ ಟ್ರಂಕಿನಿಂದ ತೆಗೆದು ಕೂಸಿಗೆ ತೊಡಿಸಬಾರದು. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್, ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪುಕಣಗಳನ್ನು ಒಡೆದು ತೀವ್ರ ಕಾಮಾಲೆಗೆ ಕಾರಣವಾಗುತ್ತದೆ. ಕೊರತೆ ಇದೆಯೆಂದು ಮನೆಯವರಿಗೆ ಮೊದಲೇ ತಿಳಿದಿರುವುದಿಲ್ಲ. ಬಟ್ಟೆಗಳ ನಡುವೆ ಒಣಗಿದ ಬೇವಿನೆಲೆ ಅಥವಾ ಬಜೆಯ ತುಂಡು ಇಟ್ಟರೆ ಸಾಕು.

ಹಾಗಾದರೆ ಏನು ಹೆಣೆಯಬೇಕು?

ಮೊದಲು ಋತುವನ್ನು ಎಣಿಸಿರಿ. ಕೂಸು ಬೇಗ ಬೆಳೆಯುತ್ತದೆ. ಐದು ತಿಂಗಳಿಗೆ ಹುಟ್ಟಿನ ತೂಕ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. ಹುಟ್ಟಿದ ದಿನದ ಅಳತೆಗೆ ಹೆಣೆದುದು ತಿಂಗಳೊಪ್ಪತ್ತಿನಲ್ಲಿ ಬಿಗಿಯಾಗುತ್ತದೆ. ಶ್ರಾವಣದಲ್ಲಿ ಹುಟ್ಟಿದ ಕೂಸಿಗೆ ಆರು ತಿಂಗಳ ಅಳತೆಯ ಸ್ವೆಟರ್ ಮಾಘದ ಚಳಿಗೆ ಒದಗುತ್ತದೆ. ಕಾರ್ತಿಕದಲ್ಲಿ ಹುಟ್ಟಿದ ಕೂಸಿಗೆ ಅದೇ ಅಳತೆ ವೈಶಾಖದ ಬಿಸಿಲಿಗೆ ಬಂದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದಕ್ಕೆ ಒಂದು ವರ್ಷದ ಅಳತೆ ಹಿಡಿದು ಮುಂದಿನ ಕಾರ್ತಿಕಕ್ಕೆ ಹೆಣೆಯಿರಿ. ವರ್ಷದ ಹೊತ್ತಿಗೆ ಎದೆಯ ಸುತ್ತಳತೆ ಸುಮಾರು 46 ಸೆಂಟಿಮೀಟರ್. 50ರಿಂದ 52 ಸೆಂಟಿಮೀಟರ್ ಸುತ್ತಳತೆಯ, ತೋಳಿಲ್ಲದ, ಮುಂದೆ ತೆರೆಯುವ ಸ್ವೆಟರ್ ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ತಕ್ಕ ಉಡುಗೆ.

ಯಾವ ಋತುವಿಗೂ ಒಪ್ಪುವ ಕಾಣಿಕೆಯೆಂದರೆ ಹತ್ತಿ ನೂಲಿನ ಹಗುರವಾದ ಹೊದಿಕೆ. ಬೆರಳು ಸಿಕ್ಕಿಕೊಳ್ಳುವ ಜಾಲರಿ ಹೆಣಿಗೆ ಬೇಡ. ಒತ್ತಾದ ಸಾದಾ ಹೆಣಿಗೆ ಇರಲಿ. ಎತ್ತಿಕೊಳ್ಳುವಾಗ ಅದನ್ನು ಸುತ್ತಿರಿ, ಕಾಲುಗಳನ್ನು ನೆಟ್ಟಗೆ ಚಾಚಿ ಬಿಗಿಯಬೇಡಿರಿ. ಸೊಂಟದ ಕೀಲು ಜಾರುವ ಭಯವಿದೆ. ಮಲಗಿದಾಗ ಮುಖದ ಬಳಿ ಸಡಿಲವಾಗಿ ಬಿಡಬೇಡಿರಿ. ಕಾಲುಚೀಲ ಹೆಣೆಯಲೇಬೇಕೆಂದಿದ್ದರೆ ಒಂದೇ ಬಣ್ಣದಲ್ಲಿ ಹೆಣೆದು, ತುದಿಗಳನ್ನು ಒಳಗೆ ಸೇರಿಸಿ ಹೊಲಿದು, ಕೊಡುವ ಮೊದಲು ಒಳಮೈ ಹೊರಳಿಸಿ ನೋಡಿರಿ. ಕಾರಣವಿಲ್ಲದೆ ಅಳುವ ಕೂಸಿನ ಹತ್ತೂ ಬೆರಳುಗಳನ್ನು ಬಿಚ್ಚಿ ನೋಡುವುದನ್ನು ತಾಯಿಗೂ ಹೇಳಿಕೊಡಿರಿ. ಉಣ್ಣೆಯದಾದರೆ ಅಂಟುವಾಳದ ನೊರೆಯಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ಒಗೆದು, ಹಿಂಡದೆ ನೆರಳಿನಲ್ಲಿ ಹರವಿ ಒಣಗಿಸಿರಿ.

ಕೊನೆಯದಾಗಿ, ತೊಟ್ಟಿಲ ಕಾರ್ಯಕ್ಕೆ ಬಂದವರೆಲ್ಲ ಕೂಸಿನ ಕಡೆಗೇ ನೋಡುತ್ತಾರೆ. ನಡುರಾತ್ರಿ ಎದ್ದು ಕುಳಿತು ಹಾಲೂಡಿಸುವ ಬಾಣಂತಿಯ ಬೆನ್ನು ಯಾರ ನೆನಪಿಗೂ ಬರುವುದಿಲ್ಲ. ಕೈಯಾರೆ ಹೆಣೆದು ಕೊಡುವುದು ಕಾಯಕವೂ ಹೌದು, ದಾಸೋಹವೂ ಹೌದು. ಅದು ಅವಶ್ಯವುಳ್ಳವರಿಗೆ ಮುಟ್ಟಬೇಕು. ನನ್ನ ಎರಡನೆಯ ಮೊಮ್ಮಗ ಹುಟ್ಟಿದಾಗ ನಾನು ಕಾಲುಚೀಲ ಹೆಣೆಯಲಿಲ್ಲ. ಕೂಸಿಗೆ ಹತ್ತಿಯ ಹೊದಿಕೆಯೊಂದನ್ನು ಹೆಣೆದೆ. ಉಳಿದ ದಿನಗಳಲ್ಲಿ ಮಗಳ ಹೆಗಲಿಗೊಂದು ಶಾಲು ಹೆಣೆದು ಮುಗಿಸಿದೆ.