ಹಳೆಯ ಪರಸಿ ಮನೆಗೆ ಕಡಿಮೆ ಖರ್ಚಿನ ದುರಸ್ತಿ

ಕಲಬುರಗಿ ಜಿಲ್ಲೆಯ ಭಂಕೂರಿನ ಹಳೆಯ ಕಲ್ಲುಮನೆಯನ್ನು ಕೆಡವದೆ,
ಕೈಯಲ್ಲಿರುವ ಅಲ್ಪ ಹಣದಲ್ಲೇ ಸುಧಾರಿಸಲು ಸಾಧ್ಯವೇ?

ಶಹಾಬಾದ್ ಕಲ್ಲು, ಅಂದರೆ ಈ ಭಾಗದವರು ಪರಸಿ ಎನ್ನುವ ಹಾಸುಗಲ್ಲು,
ಪದರುಪದರಾಗಿ ದೊರೆಯುವ ಸುಣ್ಣಕಲ್ಲಾಗಿದ್ದು,
ಇಲ್ಲಿನ ಮನೆಗಳ ನೆಲ, ಗೋಡೆ, ಮಾಳಿಗೆ ಮೂರಕ್ಕೂ ಬಳಕೆಯಾಗಿದೆ.

ಮೊದಲ ಖರ್ಚು ಮಾಳಿಗೆಗೇ ಸಲ್ಲಬೇಕು;
ಏಕೆಂದರೆ ಸೋರುವ ಮಾಳಿಗೆಯ ಕೆಳಗೆ ಗೋಡೆಗೆ ಬಣ್ಣ ಬಳಿಯುವುದು
ತೂತು ಕೊಡಕ್ಕೆ ನೀರು ತುಂಬಿದಂತೆ.

ಕಲ್ಲು ಗಟ್ಟಿಯಾಗಿದ್ದರೂ,
ಸಂದಿನ ಗಾರೆ ಉದುರಿದಲ್ಲಿ ನೀರು ಇಳಿಯುವುದರಿಂದ,
ಮಳೆಗಾಲಕ್ಕೆ ಮುನ್ನ ಸಡಿಲ ಗಾರೆಯನ್ನು ಕೆರೆದು ತೆಗೆದು,
ಸಂದನ್ನು ಮತ್ತೆ ತುಂಬಿ,
ನೀರು ಹರಿದುಹೋಗುವಂತೆ ಇಳಿಜಾರನ್ನು ಸರಿಪಡಿಸಬೇಕು.
ತೊಲೆ ಬಾಗಿದ್ದರೆ, ಕಲ್ಲು ಸೀಳಿದ್ದರೆ,
ಅನುಭವಿ ಗೌಂಡಿಯೇ ನೋಡಬೇಕು.

ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ,
ಮಾಳಿಗೆಯ ಮೇಲೆ ಬಿಳಿ ಸುಣ್ಣ ಬಳಿದರೆ,
ಬಿಸಿಲು ಪ್ರತಿಫಲಿಸಿ ಕೋಣೆಯ ಕಾವು ತಗ್ಗುತ್ತದೆ.

ನೆಲಕ್ಕೆ ಟೈಲ್ಸ್ ಹಾಕಿಸುವ ಬದಲು,
ಇರುವ ಪರಸಿಯನ್ನೇ ಉಜ್ಜಿಸಿ ಪಾಲಿಶ್ ಮಾಡಿಸಿದರೆ,
ಅದರ ಬೂದು-ನೀಲಿ ಬಣ್ಣ ಮತ್ತೆ ಎದ್ದು ಕಾಣುತ್ತದೆ.
ಆದರೆ ನೆಲ ತೊಳೆಯಲು ಆಸಿಡ್ ಬಳಸಬಾರದು;
ಅದು ಬಿದ್ದಲ್ಲಿ ಸುಣ್ಣಕಲ್ಲು ನೊರೆಯೆದ್ದು,
ಮೈ ಸವೆದು, ಮಂಕು ಕಲೆ ಉಳಿಯುತ್ತದೆ.

ಮೊದಲು ಸಂದು, ಆಮೇಲೆ ಸುಣ್ಣ, ಕೊನೆಗೆ ನೆಲ:
ಈ ಕ್ರಮ ತಪ್ಪದಿದ್ದರೆ,
ಹಣ ಒಮ್ಮೆಲೇ ಕೂಡದಿದ್ದರೂ,
ಕೆಲಸ ಹಂತಹಂತವಾಗಿ ಮುಗಿಯುತ್ತದೆ.