ಗುಂಯ್ ಅಂದ ಮೋಟರ್

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ. ಬಗದಲ್‌ನ ನಮ್ಮ ಮನೆಯ ಪಡಸಾಲೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಆರನೇ ಕ್ಲಾಸಿನ ಮೊಮ್ಮಗ ಹಿತ್ತಲಿನಿಂದ ಕೂಗಿದ: “ಮುತ್ಯಾ, ಮೋಟರ್ ಬರೀ ಗುಂಯ್ ಅನಲತದ, ನೀರು ಬರವಲ್ದು!”

ಹೋಗಿ ನೋಡಿದರೆ ಎದೆ ಝಲ್ಲೆಂದಿತು. ಸ್ವಿಚ್ ಹಾಕಿಯೇ ಇದೆ, ಹುಡುಗ ಕೈಯಲ್ಲಿ ಕಟ್ಟಿಗೆ ಹಿಡಿದು ಮೋಟರಿನ ಹಿಂದಿನ ಫ್ಯಾನ್ ತಿರುಗಿಸಲು ಬಗ್ಗಿದ್ದಾನೆ! “ಮುಟ್ಟಬ್ಯಾಡ!” ಎಂದು ಚೀರಿ ಸ್ವಿಚ್ ಬಂದ್ ಮಾಡಿದೆ. ಬೈಯಲು ಬಾಯಿ ಬರಲಿಲ್ಲ. ಹಿಂದಿನ ವರ್ಷ ಆ ಉಪಾಯ ತೋರಿಸಿಕೊಟ್ಟವನು ನಾನೇ. ಮೋಟರ್ ಒಮ್ಮೆ ಓಡಿತೆಂದರೆ ಆ ಫ್ಯಾನ್ ನಿಮಿಷಕ್ಕೆ 2,800ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕಟ್ಟಿಗೆ ಸಿಡಿದರೆ ಕಣ್ಣು ಹೋದೀತು.

ಮಕ್ಕಳೇ, ಸೈಕಲ್ ಪೆಡಲ್ ನೆಟ್ಟಗೆ ಮೇಲಿದ್ದಾಗ ಎಷ್ಟು ತುಳಿದರೂ ಗಾಲಿ ಕದಲುವುದಿಲ್ಲ. ತುಸು ಮುಂದಕ್ಕೆ ಸರಿದಿದ್ದರೆ ಸಾಕು, ಹೊರಡುತ್ತದೆ. ಮನೆಯ ಸಿಂಗಲ್ ಫೇಸ್ ಮೋಟರಿನ ಕಥೆಯೂ ಹೀಗೇ. ಒಳಗಿನ ಮುಖ್ಯ ಸುರುಳಿಯೊಂದೇ ಅದನ್ನು ಹೊರಡಿಸಲಾರದು. ಎರಡನೇ ಸುರುಳಿಗೆ ಕರೆಂಟನ್ನು ಸ್ವಲ್ಪ ಮುಂಚಿತವಾಗಿ ಮುಟ್ಟಿಸಿ, ಹೊರಡುವ ದಿಕ್ಕು ತೋರಿಸುವುದು ಕಂಡೆನ್ಸರ್. ಅದು ಸೊರಗಿದರೆ ಮೋಟರ್ ನಿಂತಲ್ಲೇ ಗುಂಯ್‌ಗುಡುತ್ತದೆ. ಹಾಗೆ ನಿಂತಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಬಿಟ್ಟರೆ ಸುರುಳಿ ಸುಟ್ಟು ಹೋಗುತ್ತದೆ.

ನನಗೆ ಮಾತ್ರ ವೋಲ್ಟೇಜ್ ಮೇಲೇ ಗುಮಾನಿ. ಸ್ಟೆಬಿಲೈಜರಿನ ಮುಳ್ಳು 160 ತೋರಿಸುತ್ತಿತ್ತು, ಇರಬೇಕಾದದ್ದು 230. “ಮೂರರಲ್ಲಿ ಎರಡು ಪಾಲು ಅದಲ್ಲ ಮುತ್ಯಾ?” ಎಂದ ಮೊಮ್ಮಗ. ಬ್ಯಾಂಕಿನ ಲೆಕ್ಕದವನು ನಾನು, ಪೆನ್ಸಿಲ್ ತೆಗೆದೆ. ಮೋಟರ್ ಹೊರಡುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 160ರ ವರ್ಗ 25,600, 230ರದ್ದು 52,900. ಅರ್ಧವೂ ಉಳಿಯಲಿಲ್ಲ! ಚಕ್ರಬಡ್ಡಿಯ ಹಾಗೆ ಇದೂ ಕಣ್ಣಿಗೆ ಮೋಸ ಮಾಡುವ ಲೆಕ್ಕ.

ಹಾಗಾಗಿ ರಾತ್ರಿಯವರೆಗೆ ಕಾದೆವು. ಕೊಡ ಹೊತ್ತು ತಂದ ನಮ್ಮ ಮನೆಯಾಕೆ ಮಾತಾಡುವುದನ್ನೇ ಬಿಟ್ಟಿದ್ದಳು. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ, 15ನೇ ಶತಮಾನದ ಸುರಂಗ ಬಾವಿಯಿದೆ. ಅಲ್ಲಿ ನೆಲದೊಳಗಿನ ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುತ್ತಿತ್ತು ಎಂದು ಮೊಮ್ಮಗನಿಗೆ ಹೇಳುತ್ತಿದ್ದೆ. “ಮಾಳಗಿ ಮ್ಯಾಲಿನ ಟಾಕಿಗಿ ಏರತದೇನು?” ಎಂದು ಒಳಗಿನಿಂದ ಅವಳ ಪ್ರಶ್ನೆ ಬಂತು.

ಒಂಬತ್ತಕ್ಕೆ ಮುಳ್ಳು 225ಕ್ಕೆ ಬಂತು. ಸ್ವಿಚ್ ಹಾಕಿದೆ. ಮತ್ತೆ ಗುಂಯ್!

ಮರುದಿನ ಓಣಿಯ ಮೋಟರ್ ರಿಪೇರಿ ಹುಡುಗ ಬಂದ. ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿದ. ಹಗುರಾಗಿ ತಿರುಗಿತು, ಅಂದರೆ ಪಂಪು ಜಾಮ್ ಆಗಿಲ್ಲ. ಕಂಡೆನ್ಸರ್ ಮುಟ್ಟಲು ನಾನು ಕೈ ಚಾಚಿದರೆ ತಡೆದ. ಕರೆಂಟ್ ತೆಗೆದ ಮೇಲೂ ಅದರೊಳಗೆ ಶಾಕ್ ಕುಳಿತಿರುತ್ತದಂತೆ! ಅದರ ಎರಡು ತಂತಿಗೆ ಬಲ್ಬ್ ಹೋಲ್ಡರ್ ಮುಟ್ಟಿಸಿ ಖಾಲಿ ಮಾಡಿದ. ಹಳೆಯದರ ಮೇಲೆ 10 ಮೈಕ್ರೋಫ್ಯಾರಡ್ ಎಂದಿತ್ತು. ದೊಡ್ಡದು ಹಾಕಿದರೆ ಜೋರು ಬರುವುದಿಲ್ಲವೇ ಎಂದೆ. ಸುರುಳಿ ಬಿಸಿಯಾಗಿ ಸುಡುತ್ತದೆ ಎಂದು ಅದೇ ಅಳತೆಯ ಹೊಸದನ್ನು ಕೂರಿಸಿದ.

ಈ ಸಲ ಗುಂಯ್ ಇಲ್ಲ. ಟಾಕಿಗೆ ನೀರು ಬೀಳುವ ಸದ್ದು ಕೇಳಿತು. ಆ ಕಟ್ಟಿಗೆಯನ್ನು ಮನೆಯಾಕೆ ಅಂದೇ ಬಚ್ಚಲ ಒಲೆಗೆ ಹಾಕಿದಳು.