ಪೆಟ್ಟಿಗೆಯಿಂದ ಪೇಟೆಗೆ

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದೇಶ ಸುತ್ತುವವನ ಅರಿವು ಹೆಚ್ಚುತ್ತದೆ, ಮನಸ್ಸು ವಿಶಾಲವಾಗುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪ್ರವಾಸಿಗನು ಬಂದಿಳಿದ ಊರಿನವರ ಬದುಕಿನಲ್ಲಿ ಏನು ಮಾರ್ಪಾಡಾಗುತ್ತದೆ ಎಂದು ನಾವು ಯೋಚಿಸುವುದು ಕಡಿಮೆ. ಅತಿಥಿಗಾಗಿ ಹಾಸಿಗೆ ಹಾಸಿದವರು ಯಾರು? ಅವನು ಉಂಡ ರೊಟ್ಟಿಯನ್ನು ಬೇಯಿಸಿದವರು ಯಾರು? ಆ ದುಡಿಮೆಗೆ ಬಂದ ಹಣ ಯಾರ ಕೈ ಸೇರಿತು? ತುರ್ಕಿ ದೇಶದ ಸ್ತ್ರೀಯರ ಬದುಕಿನ ಬದಲಾವಣೆಯನ್ನು ಅರಿಯಲು ಈ ಮೂರು ಪ್ರಶ್ನೆಗಳು ನಮಗೆ ದಾರಿ ತೋರುತ್ತವೆ.

ಏಷ್ಯ ಮತ್ತು ಯೂರೋಪ್ ಖಂಡಗಳು ಕೂಡುವೆಡೆಯಲ್ಲಿರುವ ದೇಶ ತುರ್ಕಿ. ಇಸ್ತಾಂಬುಲ್ ನಗರದ ಭವ್ಯ ಮಸೀದಿಗಳು, ಎಫೆಸಸ್ಸಿನ ಪುರಾತನ ಅವಶೇಷಗಳು, ಪಾಮುಕ್ಕಲೆಯ ಹತ್ತಿಯಂತೆ ಬೆಳ್ಳಗಿರುವ ಸುಣ್ಣದ ಕೊಳಗಳು, ಅಂತಾಲ್ಯದ ಕಡಲತೀರ ಇವೆಲ್ಲ ಜಗತ್ತಿನ ಜನರನ್ನು ಸೆಳೆಯುತ್ತವೆ. 1982ರಲ್ಲಿ ಅಲ್ಲಿನ ಸರ್ಕಾರವು ಪ್ರವಾಸೋದ್ಯಮವನ್ನು ಪ್ರೋತ್ಸಾಹಿಸುವ ಕಾಯಿದೆಯನ್ನು ಜಾರಿಗೆ ತಂದಿತು. 1980ರಲ್ಲಿ ಸುಮಾರು 13 ಲಕ್ಷದಷ್ಟಿದ್ದ ವಿದೇಶೀ ಪ್ರವಾಸಿಗರ ಸಂಖ್ಯೆ 2019ರ ವೇಳೆಗೆ ಸುಮಾರು 4.5 ಕೋಟಿಗೆ ಏರಿತು. ಇಷ್ಟೊಂದು ಅತಿಥಿಗಳ ಊಟ, ವಸತಿ, ಉಪಚಾರಗಳನ್ನು ಗಂಡಸರೇ ನೋಡಿಕೊಳ್ಳುವುದು ಸಾಧ್ಯವಿರಲಿಲ್ಲ.

ತುರ್ಕಿಯ ಸ್ತ್ರೀಯರಿಗೆ ಹಕ್ಕುಗಳು ದೊರೆತದ್ದು ಪ್ರವಾಸಿಗರು ಬಂದ ಮೇಲಲ್ಲ. 1923ರಲ್ಲಿ ಮುಸ್ತಫಾ ಕೆಮಾಲರ ನಾಯಕತ್ವದಲ್ಲಿ ಗಣರಾಜ್ಯವು ಸ್ಥಾಪನೆಯಾಯಿತು. 1926ರ ನಾಗರಿಕ ಸಂಹಿತೆಯು ಬಹುಪತ್ನೀತ್ವವನ್ನು ರದ್ದುಪಡಿಸಿತು. 1934ರಲ್ಲಿ ಸಂಸತ್ತಿನ ಚುನಾವಣೆಯಲ್ಲಿ ಮತ ನೀಡುವ ಮತ್ತು ಸ್ಪರ್ಧಿಸುವ ಹಕ್ಕು ಸ್ತ್ರೀಯರಿಗೆ ಲಭಿಸಿತು. ಆದರೂ ಅದೇ ನಾಗರಿಕ ಸಂಹಿತೆಯಲ್ಲಿ ಒಂದು ವಿಧಿ ಉಳಿದಿತ್ತು: ಹೆಂಡತಿಯು ಮನೆಯ ಹೊರಗೆ ದುಡಿಯಬೇಕಾದರೆ ಗಂಡನ ಸಮ್ಮತಿ ಬೇಕು. ಸಂಸತ್ತಿಗೆ ಸದಸ್ಯರನ್ನು ಆರಿಸಬಲ್ಲ ಸ್ತ್ರೀಯು ತಾನು ಕೂಲಿಗೆ ಹೋಗಬೇಕೇ ಬೇಡವೇ ಎಂಬುದನ್ನು ತಾನೇ ನಿರ್ಧರಿಸುವಂತಿರಲಿಲ್ಲ! ಈ ವಿಧಿಯನ್ನು ಸಂವಿಧಾನ ನ್ಯಾಯಾಲಯವು ರದ್ದುಮಾಡಿದ್ದು 1990ರಲ್ಲಿ. ಗಂಡನೇ ಮನೆಯ ಯಜಮಾನನೆಂಬ ನಿಯಮವಂತೂ 2002ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಿಂದ ಕೊನೆಗೊಂಡಿತು.

ಕಾನೂನು ತಡೆಯದಿದ್ದರೂ ರೂಢಿಯು ತಡೆಯುವುದುಂಟು. ಇದಕ್ಕೆ ದೇಶದ ನಡುಭಾಗದ ಕಪ್ಪಡೋಕಿಯ ಪ್ರಾಂತವು ನಿದರ್ಶನ. ಅಲ್ಲಿ ಜ್ವಾಲಾಮುಖಿಯ ಬೂದಿಯಿಂದಾದ ಮೆದುಶಿಲೆಯು ಗಾಳಿ ಮಳೆಗಳಿಂದ ಸವೆದು ವಿಚಿತ್ರ ಕಂಬಗಳಾಗಿ ನಿಂತಿದೆ. ಇವುಗಳನ್ನು ಅಲ್ಲಿನವರು ಕಿನ್ನರಿಯರ ಹೊಗೆಗೂಡುಗಳೆಂದು ಕರೆಯುತ್ತಾರೆ. ಬಂಡೆಗಳನ್ನು ಕೊರೆದು ಮಾಡಿದ ಮನೆಗಳೂ ಪ್ರಾಚೀನ ಚರ್ಚುಗಳೂ ಅಲ್ಲಿವೆ. ಗೊರೆಮೆಯೆಂಬ ಊರಿನ ಸುತ್ತಲ ಈ ತಾಣವು 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರ ಸಂಖ್ಯೆ ಹೆಚ್ಚಿದಂತೆ ಊರಿನ ಗಂಡಸರು ವಸತಿಗೃಹಗಳನ್ನೂ ಅಂಗಡಿಗಳನ್ನೂ ತೆರೆದರು. ಹೆಂಗಸರು ಮಾತ್ರ ದ್ರಾಕ್ಷಿಯ ತೋಟ, ಅಡುಗೆ, ಮಕ್ಕಳ ಪಾಲನೆಗಳಲ್ಲಿ ಮೊದಲಿನಂತೆಯೇ ತೊಡಗಿದ್ದರು. ಅವರ ಓಡಾಟವೆಲ್ಲ ತಮ್ಮ 'ಮಹಲ್ಲೆ'ಯ ಒಳಗೆ. ನಮ್ಮ ಮೈಸೂರಿನವರು ಹೇಳುವ 'ಮೊಹಲ್ಲಾ' ಎಂಬುದೂ ಇದೇ ಶಬ್ದವೇ. ಅರಬ್ಬೀ ಮೂಲದಿಂದ ಎರಡು ದಿಕ್ಕಿಗೆ ಹರಿದ ಪದ. ಅಪರಿಚಿತ ಗಂಡಸರು ತಿರುಗಾಡುವ ಪೇಟೆಯಲ್ಲಿ ಹೆಂಗಸು ದುಡಿದರೆ ಮನೆತನದ ಮಾನಕ್ಕೆ ಕುಂದು ಎಂಬ ಭಾವನೆ ಬಲವಾಗಿತ್ತು.

ಈ ಗೆರೆಯನ್ನು ಸ್ತ್ರೀಯರು ದಾಟಿದ್ದು ಹೇಗೆ? ಬಹುಮಟ್ಟಿಗೆ ತಮಗೆ ತಿಳಿದಿದ್ದ ಮನೆಗೆಲಸದ ಮೂಲಕವೇ. ಮನೆಯವರೇ ನಡೆಸುವ ವಸತಿಗೃಹದಲ್ಲಿ ಅಡುಗೆ ಮಾಡುವುದು, ಕೋಣೆಗಳನ್ನು ಶುಚಿಗೊಳಿಸುವುದು ಆಕ್ಷೇಪಕ್ಕೆ ಎಡೆಯಾಗಲಿಲ್ಲ. ಮುಂದೆ ನೆರೆಹೊರೆಯವರ ವಸತಿಗೃಹಗಳಿಗೂ ಹೋಟೆಲುಗಳಿಗೂ ಕೂಲಿಗೆ ಹೋಗುವುದು ಬಳಕೆಗೆ ಬಂದಿತು. ಇಂದು ತುರ್ಕಿಯ ಪ್ರವಾಸಿ ತಾಣಗಳಲ್ಲಿ ತಲೆವಸ್ತ್ರ ಧರಿಸಿದ ಹಳ್ಳಿಯ ಹೆಂಗಸರು ನೆಲದ ಮೇಲೆ ಕುಳಿತು, ನೀಳವಾದ ತೆಳುಕೋಲಿನಿಂದ ಹಿಟ್ಟನ್ನು ಲಟ್ಟಿಸಿ, ಗಿಣ್ಣನ್ನೋ ಸೊಪ್ಪನ್ನೋ ತುಂಬಿ, 'ಗೊಜ್ಲೆಮೆ' ಎಂಬ ರೊಟ್ಟಿಯನ್ನು ಕಾದ ಹೆಂಚಿನ ಮೇಲೆ ಬೇಯಿಸುವ ದೃಶ್ಯ ಸಾಮಾನ್ಯ. ಮನೆಯಲ್ಲಿ ಬೆಲೆಯಿಲ್ಲದೆ ನಡೆಯುತ್ತಿದ್ದ ಕೆಲಸಕ್ಕೆ ಬೀದಿಯಲ್ಲಿ ಬೆಲೆ ಬಂದಿತು.

ಕಸೂತಿಯ ಕತೆಯೂ ಹೀಗೆಯೇ. ತುರ್ಕಿಯ ಹೆಣ್ಣುಮಕ್ಕಳು ಎಳೆಯ ವಯಸ್ಸಿನಿಂದಲೇ ತಲೆವಸ್ತ್ರದ ಅಂಚಿಗೆ ಸೂಜಿಯಿಂದ ನವುರಾದ ಹೂಗಳನ್ನು ಹೆಣೆದು, ಮದುವೆಗೆಂದು ಪೆಟ್ಟಿಗೆಯಲ್ಲಿ ಕೂಡಿಡುವುದು ಹಳೆಯ ವಾಡಿಕೆ. ಆ ಹೆಣಿಗೆಯು ಈಗ ಪೆಟ್ಟಿಗೆಯಿಂದ ಪೇಟೆಗೆ ಬಂದಿದೆ. ಕಪ್ಪಡೋಕಿಯದ ಸೊವಾನ್ಲಿ ಎಂಬ ಹಳ್ಳಿಯ ಹೆಂಗಸರು ತಾವು ಬಟ್ಟೆಯಿಂದ ಮಾಡಿದ ಗೊಂಬೆಗಳನ್ನು ತಾವೇ ಪ್ರವಾಸಿಗರಿಗೆ ಮಾರುತ್ತಾರೆ. 'ತಾವೇ' ಎಂಬ ಮಾತನ್ನು ಗಮನಿಸಬೇಕು. ಏಕೆಂದರೆ ತುರ್ಕಿಯ ಪ್ರಸಿದ್ಧ ರತ್ನಗಂಬಳಿಗಳ ಗಂಟುಗಳನ್ನು ತಿಂಗಳುಗಟ್ಟಲೆ ಕುಳಿತು ಹಾಕುವವರು ಹೆಚ್ಚಾಗಿ ಸ್ತ್ರೀಯರು. ಅಂಗಡಿಯಲ್ಲಿ ಕುಳಿತು ಮಾರುವವರು ಹೆಚ್ಚಾಗಿ ಪುರುಷರು. ದುಡಿಮೆ ಒಬ್ಬರದು, ಹಣದ ಚೀಲ ಇನ್ನೊಬ್ಬರದು. ಈ ಅಂತರವನ್ನು ಕಡಿಮೆ ಮಾಡುವ ಯತ್ನಗಳೂ ನಡೆದಿವೆ. ಪಶ್ಚಿಮ ತುರ್ಕಿಯ ಹಳ್ಳಿಗಳಲ್ಲಿ 1981ರಲ್ಲಿ ಪ್ರಾರಂಭವಾದ 'ದೋಬಾಗ್' ಯೋಜನೆಯು ಗಿಡಮೂಲಿಕೆಗಳ ಬಣ್ಣಗಾರಿಕೆಗೆ ಮರುಜೀವ ನೀಡಿತಲ್ಲದೆ, ನೇಯುವ ಸ್ತ್ರೀಯರೇ ಸದಸ್ಯರಾದ ಸಹಕಾರ ಸಂಘವೊಂದು ಹುಟ್ಟಲು ಕಾರಣವಾಯಿತು.

ಕೈಯಲ್ಲಿ ಸ್ವಂತ ಸಂಪಾದನೆಯುಳ್ಳವಳ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ. ಮಗಳ ಶಾಲೆಯ ವಿಚಾರದಲ್ಲಿ ಅವಳ ಅಭಿಪ್ರಾಯವನ್ನು ಕೇಳುವಂತಾಗುತ್ತದೆ. ತಾಯಿ ಹೋಟೆಲಿನ ಕೋಣೆ ಗುಡಿಸಿದ ಊರುಗಳಲ್ಲಿ ಕಾಲೇಜು ಕಲಿತ ಯುವತಿಯರು ವಿದೇಶೀ ಭಾಷೆಗಳನ್ನಾಡುತ್ತ, ಪರವಾನಗಿ ಪಡೆದ ಮಾರ್ಗದರ್ಶಿಗಳಾಗಿ ಪ್ರವಾಸಿಗರ ತಂಡಗಳನ್ನು ನಡೆಸುವುದನ್ನೂ ಕಾಣಬಹುದು.

ಹಾಗೆಂದು ಎಲ್ಲವೂ ಹಸನಾಯಿತೆಂದು ತಿಳಿಯಬಾರದು. ಹೋಟೆಲುಗಳಲ್ಲಿ ಹಾಸಿಗೆ ಮಡಿಸುವ, ಪಾತ್ರೆ ಬೆಳಗುವ ಕೆಲಸಗಳು ಸ್ತ್ರೀಯರಿಗೂ, ಮೇಲ್ವಿಚಾರಣೆಯ ಹುದ್ದೆಗಳು ಬಹುಪಾಲು ಪುರುಷರಿಗೂ ಸಲ್ಲುತ್ತವೆ. ಕಡಲತೀರದ ಊರುಗಳಲ್ಲಿ ಬೇಸಗೆ ಕಳೆದೊಡನೆ ಹೋಟೆಲುಗಳು ಮುಚ್ಚಿ ಕೂಲಿಯೂ ನಿಲ್ಲುತ್ತದೆ. 2020ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿದಾಗ ವಿದೇಶೀ ಪ್ರವಾಸಿಗರ ಸಂಖ್ಯೆ 1.3 ಕೋಟಿಗೂ ಕೆಳಗಿಳಿಯಿತು. ಅತಿಥಿ ಬಾರದಿದ್ದರೆ ಒಲೆ ಉರಿಯದು ಎಂಬ ಕಹಿಸತ್ಯವನ್ನು ಆ ವರ್ಷವು ತಿಳಿಸಿತು. ಹೊರಗೆ ದುಡಿದು ಬಂದವಳಿಗೆ ಮನೆಯ ಅಡುಗೆಯೇನೂ ತಪ್ಪಲಿಲ್ಲ. ಇಂದಿಗೂ ತುರ್ಕಿಯಲ್ಲಿ ದುಡಿಮೆಗೆ ಇಳಿದಿರುವ ವಯಸ್ಕ ಸ್ತ್ರೀಯರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಪುರುಷರಾದರೋ ಸುಮಾರು ಹತ್ತರಲ್ಲಿ ಏಳು ಮಂದಿ.

ಮೊದಲು ಕೇಳಿದ ಮೂರು ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ಉತ್ತರ ಸುಲಭವಾಗಿ ದೊರೆಯಿತು. ಹಣ ಯಾರ ಕೈ ಸೇರಿತು ಎಂಬ ಮೂರನೆಯ ಪ್ರಶ್ನೆಗೆ ತುರ್ಕಿಯ ಸ್ತ್ರೀಯರು ಈಗಲೂ ಉತ್ತರವನ್ನು ಬರೆಯುತ್ತಲೇ ಇದ್ದಾರೆ. ಮುಂದೆ ನೀವು ಯಾವ ನಾಡಿಗೆ ಅತಿಥಿಗಳಾಗಿ ಹೋದರೂ ಅಲ್ಲಿನ ಗೋಪುರಗಳನ್ನೂ ಗುಹೆಗಳನ್ನೂ ಕಣ್ತುಂಬ ನೋಡಿರಿ. ಜೊತೆಗೆ, ನಿಮ್ಮ ಮುಂದೆ ರೊಟ್ಟಿಯ ತಟ್ಟೆಯನ್ನಿಟ್ಟ ಕೈಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿರಿ.